ಎರಡು ಜರ್ಕಿ

ಇಂಗ್ಲಿಷಿನ ‘ಜರ್ಕಿ’ಗೆ ಎರಡು ಅರ್ಥ. ಗಕ್ಕಗಕ್ಕನೆ ಕುಲುಕುವ ಚಲನೆ ಒಂದು. ಉಪ್ಪು ಹಚ್ಚಿ ಒಣಗಿಸಿದ ಮಾಂಸದ ಪಟ್ಟಿ ಇನ್ನೊಂದು. ಹಲ್ಲಲ್ಲಿ ಕಚ್ಚಿ ಜಗ್ಗಿ ತಿನ್ನಬೇಕಲ್ಲ, ಅದಕ್ಕೇ ಆ ಹೆಸರು ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಕುಲುಕಾಟದ್ದು ಇಂಗ್ಲಿಷಿನದೇ ಪದ. ಹಿಂದೆ ಜರ್ಕ್ ಎಂದರೆ ಚಾಟಿಯೇಟು ಎಂಬ ಅರ್ಥವಿತ್ತು. ಮಾಂಸದ್ದು ಆಂಡಿಸ್ ಪರ್ವತಗಳ ಕೆಚುವಾ ಭಾಷೆಯ ‘ಚಾರ್ಕಿ’. ಅಲ್ಲಿಯ ಜನ ಹಗಲಿನ ಬಿಸಿಲಿಗೂ ಇರುಳಿನ ಕೊರೆತಕ್ಕೂ ಲಾಮಾದ ಮಾಂಸವನ್ನು ಒಡ್ಡಿ ಒಣಗಿಸುತ್ತಿದ್ದರು. ಸ್ಪೇನಿನವರು ನಾಡನ್ನು ಗೆದ್ದರು, ಪದವನ್ನೂ ಎತ್ತಿಕೊಂಡರು. ಅವರ ಬಾಯಿಂದ ಇಂಗ್ಲಿಷರ ಕಿವಿಗೆ ಬಿದ್ದಾಗ ಅದು ಪರಿಚಿತ ಜರ್ಕಿನ ಅಂಗಿ ತೊಟ್ಟಿತು. ಜಮೈಕಾದ ಜರ್ಕ್ ಚಿಕನ್ ಕೂಡ ಇದೇ ಬಳ್ಳಿಯದು.

ದೆಹಲಿಯಲ್ಲಿರುವವರಿಗೆ ಮಾಂಸದಂಗಡಿಯ ‘ಝಟ್ಕಾ’ ಬೋರ್ಡು ನೆನಪಾಗಬಹುದು. ಅಲ್ಲೂ ಜರ್ಕು, ಅಲ್ಲೂ ಮಾಂಸ! ಆದರೆ ಝಟ್ಕಾ ನಿಜಕ್ಕೂ ಒಂದೇ ಪದ: ಒಂದೇ ಏಟಿಗೆ ಕಡಿದದ್ದು, ಆದ್ದರಿಂದ ಝಟ್ಕಾ. ಅದರ ಮೇಲೆ ಶ್ಲೇಷೆ ಕಟ್ಟಿದರೆ ನಿಲ್ಲುತ್ತದೆ. ಜರ್ಕಿಯ ಶ್ಲೇಷೆ ಬರೀ ಸದ್ದಿನದು. ಕನ್ನಡಕ್ಕೆ ತರುವಾಗ ಬಿದ್ದುಹೋದರೆ ನಾನಂತೂ ಅಳುವುದಿಲ್ಲ.

ನನ್ನ ತಕರಾರು ಬೇರೆ. ಕುಲುಕಾಟದ ಜರ್ಕಿಗೆ ನಮ್ಮ ಅನುವಾದಕರು ‘ಮುಗ್ಗರಿಸುವ’, ‘ತಡವರಿಸುವ’ ಎಂದು ಹತ್ತು ಪದ ಹುಡುಕುತ್ತಾರೆ. ಮಾಂಸದ್ದು ಬಂದರೆ ‘ಜರ್ಕಿ’ ಎಂದೇ ಇಟ್ಟು ಮುಂದೆ ಹೋಗುತ್ತಾರೆ, ಇಲ್ಲವೇ ‘ಶುಷ್ಕ ಮಾಂಸ’ ಅನ್ನುತ್ತಾರೆ. ಯಾವ ಅಡುಗೆಮನೆಯ ಮಾತಪ್ಪಾ ಅದು? ಹಳೆ ಮೈಸೂರಿನ ಕೇರಿಗಳಲ್ಲಿ ‘ಕೊರಬಾಡು’ ಎಂಬ ಪದವಿದೆ. ಪುಣೆ, ಮುಂಬಯಿಯ ನಮ್ಮ ಓದುಗರಿಗೆ ಮರಾಠಿಯ ‘ಚಾನ್ಯಾ’ ಗೊತ್ತಿದ್ದೀತು. ಶಾಹು ಪಾಟೋಳೆ ತಮ್ಮ ‘ಅನ್ನ ಹೇ ಅಪೂರ್ಣಬ್ರಹ್ಮ’ದಲ್ಲಿ ದಲಿತರ ಊಟವನ್ನು ಅದರದೇ ಹೆಸರುಗಳಲ್ಲಿ ದಾಖಲಿಸಿದ್ದಾರೆ. ನಮ್ಮಲ್ಲಿ ಪದವಿಲ್ಲದೆ ಜರ್ಕಿ ಉಳಿದಿಲ್ಲ. ಆ ಪದ ಯಾರ ಮನೆಯದು ಎಂಬ ಸಂಕೋಚದಿಂದ ಉಳಿದಿದೆ. ಅಮೆರಿಕದ ಕೌಬಾಯ್ ತಿಂದರೆ ಸಾಹಸದ ಬುತ್ತಿ, ಕೇರಿಯ ಸೂರಿನಡಿ ತೂಗಿದರೆ ಮೂಗು ಮುಚ್ಚುವ ವಸ್ತು.

ಕೌಬಾಯ್ ಬಾಯಿಗೆ ಕೊರಬಾಡು ಒಗ್ಗುವುದಿಲ್ಲ, ಅದರ ಹಿಂದಿನ ಹಸಿವೇ ಬೇರೆ ಎಂದು ಯಾರಾದರೂ ವಾದಿಸಿದರೆ ಕೇಳುತ್ತೇನೆ. ಅದು ತೂಕದ ಮಾತು. ಆದರೆ ಪೆರುವಿನ ಕಥೆಯಲ್ಲಿ ‘ಚಾರ್ಕಿ’ಯೇ ಇರಲಿ. ಅಮೆರಿಕದ ಕಾದಂಬರಿಯಲ್ಲಿ ಕುದುರೆ ಸವಾರ ಚೀಲದಿಂದ ಒಂದು ತುಂಡು ಕೊರಬಾಡು ತೆಗೆದು ಅಗಿಯಲಿ, ಓದುಗ ಒಮ್ಮೆ ಗಕ್ಕನೆ ನಿಲ್ಲಲಿ.