ಸಾಟೆಮಿನ್: ಉಳಿಸಿಕೊಂಡ ಮನೆಗಳು, ಉಳಿಯದ ಮಾತು

ಹಳೆಯ ಕಟ್ಟಡಗಳನ್ನು ಕಾಪಾಡುವ ಮಾತು ಬಂದಾಗಲೆಲ್ಲ ನಮ್ಮವರು ಪಶ್ಚಿಮದ ಕಡೆಗೆ ಕೈ ತೋರಿಸುವುದುಂಟು. "ಅವರನ್ನು ನೋಡಿ ಕಲಿಯಬೇಕು ಸ್ವಾಮಿ" ಎನ್ನುವುದು ನಮ್ಮ ಸಂಘ-ಸಂಸ್ಥೆಗಳ ವೇದಿಕೆಯ ಮೇಲೆ ಎಷ್ಟು ಸಲ ಕೇಳಿಬಂದಿಲ್ಲ! ನಾನೂ ಹಾಗೆ ಹೇಳುತ್ತಿದ್ದವನೇ. ಹ್ಯಾಂಬುರ್ಗಿನಲ್ಲಿರುವ ಮಗಳ ಮನೆಗೆ ಹೋದಾಗ ಒಂದು ಭಾನುವಾರ ಅಳಿಯಂದಿರು ಕಾರಿನಲ್ಲಿ ಸುಮಾರು ಎರಡು ಗಂಟೆಯ ಹಾದಿ ಕರೆದೊಯ್ದು ಸಾಟೆಮಿನ್ ಎಂಬ ಹಳ್ಳಿಯನ್ನು ತೋರಿಸಿದರು. ಹೋಗುವ ಮೊದಲು ಒಂದಿಷ್ಟು, ಬಂದ ಮೇಲೆ ಇನ್ನಷ್ಟು ಅದರ ವಿಷಯ ಓದಿದೆ. ಅವರಿಂದ ಕಲಿಯಬೇಕಾದದ್ದು ಇದೆ ಎಂಬ ಮಾತು ಸುಳ್ಳಲ್ಲ. ಆದರೆ ಆ ಪಾಠ ನಾನು ತಿಳಿದುಕೊಂಡದ್ದಕ್ಕಿಂತ ಬೇರೆಯಾಗಿತ್ತು. ಅದನ್ನೇ ಇಲ್ಲಿ ಬರೆಯಹೊರಟಿದ್ದೇನೆ.

ಸಾಟೆಮಿನ್ ಇರುವುದು ಉತ್ತರ ಜರ್ಮನಿಯ ಲೋವರ್ ಸ್ಯಾಕ್ಸನಿ ರಾಜ್ಯದಲ್ಲಿ, ಲ್ಯುಖೋ ಎಂಬ ಪುಟ್ಟ ಪಟ್ಟಣದ ಮಗ್ಗುಲಲ್ಲಿ. ಈ ಸೀಮೆಗೆ ವೆಂಡ್‌ಲಾಂಡ್ ಎಂದು ಹೆಸರು. ಎಂದರೆ ವೆಂಡರ ನಾಡು. ಸ್ಲಾವ್ ಮೂಲದ ಜನರನ್ನು ಜರ್ಮನರು ವೆಂಡರೆಂದು ಕರೆಯುತ್ತಿದ್ದರು. ಇಲ್ಲಿಯ ಹಳ್ಳಿಗಳ ರಚನೆ ವಿಶೇಷವಾದದ್ದು. ನಡುವೆ ಬಯಲು, ಅದರ ಸುತ್ತ ದುಂಡಗೆ ಮನೆಗಳು, ಒಳಕ್ಕೆ ಬರಲು ಒಂದೇ ಹಾದಿ. ಮನೆಗಳೆಲ್ಲ ಮುಖವನ್ನು ಬಯಲಿಗೆ ಮಾಡಿ ನಿಂತಿವೆ. ಹಿತ್ತಿಲು ಬೀಸಣಿಗೆಯ ಎಲೆಯಂತೆ ಹಿಂದಕ್ಕೆ ಅಗಲವಾಗುತ್ತ ಹೋಗುತ್ತದೆ. ಇಂಥ ಊರಿಗೆ ರುಂಡ್‌ಲಿಂಗ್ ಎನ್ನುತ್ತಾರೆ. ದುಂಡೂರು ಎನ್ನೋಣ. ಹನ್ನೆರಡನೆಯ ಶತಮಾನದಲ್ಲಿ ಜರ್ಮನ್ ಒಡೆಯರು ವೆಂಡ್ ಒಕ್ಕಲುಗಳನ್ನು ನೆಲೆಗೊಳಿಸಿ ಯೋಜನೆಯಿಂದಲೇ ಇವನ್ನು ಕಟ್ಟಿಸಿದರೆಂದು ಇಂದಿನ ವಿದ್ವಾಂಸರಲ್ಲಿ ಹೆಚ್ಚಿನವರ ಅಭಿಪ್ರಾಯ. ಇಗರ್ಜಿ ಮಾತ್ರ ವೃತ್ತದ ಹೊರಗೆ ನಿಂತಿದೆ. ಊರಿಗಿಂತ ಆಮೇಲೆ ಬಂದ ನೆಂಟನ ಹಾಗೆ.

ಮನೆ ಎಂದೆನಲ್ಲ, ಅದು ಬರಿಯ ಮನೆಯಲ್ಲ. ಮರದ ಚೌಕಟ್ಟು ನಿಲ್ಲಿಸಿ ನಡುವಿನ ಚೌಕಗಳಿಗೆ ಕೆಂಪು ಇಟ್ಟಿಗೆ ತುಂಬಿದ, ಆನೆ ಗಾತ್ರದ ಒಂದು ಸೂರು. ಹುಲ್ಲಿನ ಗಾಡಿ ನೇರ ಒಳಗೆ ಹೋಗುವಷ್ಟು ದೊಡ್ಡ ಬಾಗಿಲು. ಒಳಗೆ ಉದ್ದಕ್ಕೂ ಒಂದು ಹಜಾರ. ಕಾಳು ಬಡಿಯುವ ಕಣವೂ ಅದೇ. ಎರಡೂ ಮಗ್ಗುಲಲ್ಲಿ ದನ, ಕುದುರೆ. ಕೊನೆಯಲ್ಲಿ ಒಲೆ, ಅದರಾಚೆ ಮನೆಮಂದಿಯ ಕೋಣೆಗಳು. ಅಟ್ಟದ ಮೇಲೆ ಬೆಳೆ. ಬಿಜಾಪುರ, ಧಾರವಾಡದ ಕಡೆಯ ಹಳೇ ಮನೆ ನೋಡಿದವರಿಗೆ ಇದು ಅಪರಿಚಿತವೆನಿಸದು. ಅಲ್ಲಿಯೂ ದನ ಕೆಳಗೆ, ಜನ ಕಟ್ಟೆಯ ಮೇಲೆ, ಸೂರು ಒಂದೇ. ನಮ್ಮ ಮನೆಯ ಎತ್ತು ರಾತ್ರಿ ಕೊರಳು ಆಡಿಸಿದರೆ ಪಡಸಾಲೆಯಲ್ಲಿ ಮಲಗಿದ ಅಜ್ಜನಿಗೆ ಎಚ್ಚರವಾಗುತ್ತಿತ್ತು. ಸಾಟೆಮಿನ್ನಿನ ಅಜ್ಜನಿಗೂ ಆಗುತ್ತಿದ್ದಿರಬೇಕು.

ಒಂದು ತಪ್ಪು ಕಲ್ಪನೆಯನ್ನು ಇಲ್ಲೇ ತೆಗೆದುಹಾಕುವುದು ಒಳ್ಳೆಯದು. ಊರಿನ ವಿನ್ಯಾಸ ಮಧ್ಯಯುಗದ್ದು, ಮನೆಗಳಲ್ಲ. 1850ರಲ್ಲಿ ಬೆಂಕಿ ಬಿದ್ದು ಸಾಟೆಮಿನ್ ಬಹುಮಟ್ಟಿಗೆ ಸುಟ್ಟುಹೋಯಿತು. ಜನ ಹಳೆಯ ವೃತ್ತದ ಮೇಲೆಯೇ ಮತ್ತೆ ಕಟ್ಟಿಕೊಂಡರು. ಎಂದರೆ ನಾವು ಬಾಯಿ ತೆರೆದು ನೋಡುವ ಈ ಮನೆಗಳಲ್ಲಿ ಹೆಚ್ಚಿನವು ಬೋರಿಬಂದರದಿಂದ ಠಾಣೆಗೆ ಮೊದಲ ರೈಲು ಓಡಿದ 1853ಕ್ಕಿಂತ ಎರಡು ಮೂರು ವರ್ಷ ಹಿರಿಯವು, ಅಷ್ಟೆ. ಪ್ರಾಚೀನತೆಗೆ ಮಾರುಹೋಗುವ ನಮ್ಮ ಅಭ್ಯಾಸಕ್ಕೆ ಇದು ನಿರಾಸೆ ತಂದೀತು. ನನಗಂತೂ ಊರಿನ ಮೇಲಿನ ಗೌರವ ಇದರಿಂದ ಹೆಚ್ಚಾಯಿತು. ಎಲ್ಲ ಬೂದಿಯಾದ ಮೇಲೂ ಯಾರೊಬ್ಬರೂ ಬಯಲಿಗೆ ಬೆನ್ನು ಮಾಡಿ ಮನೆ ಕಟ್ಟಲಿಲ್ಲ. ನಾರಗಸೆ ಬೆಳೆದು ಲಿನನ್ ಬಟ್ಟೆ ನೇಯ್ದು ಮಾರುತ್ತಿದ್ದ ಸೀಮೆ ಇದು. ಆ ಕಸುಬು ಹಿಂದೆ ತಂದುಕೊಟ್ಟ ಅನುಕೂಲ ಇಲ್ಲಿಯ ಎತ್ತರದ ಮುಖಗೋಡೆಗಳಲ್ಲಿ ಕಾಣುತ್ತದೆ. ಕಾರ್ಖಾನೆಯ ಹತ್ತಿಬಟ್ಟೆ ಬಂದು ಅದು ಸೊರಗಿತು. ಹೊಸದು ಕಟ್ಟಲು ಹಣವಿಲ್ಲದ್ದರಿಂದ ಹಳೆಯದು ಉಳಿಯಿತು. 1945ರ ನಂತರ ದೇಶ ಎರಡಾದಾಗ ವೆಂಡ್‌ಲಾಂಡಿನ ಮೂರು ದಿಕ್ಕಿಗೂ ಪೂರ್ವ ಜರ್ಮನಿಯ ಗಡಿ ಬಂತು; ಮೂಲೆಗುಂಪಾದ ಈ ಜಿಲ್ಲೆಯ ಕಡೆಗೆ ಉದ್ಯಮಗಳು ತಲೆಹಾಕಲಿಲ್ಲ. ಬಡತನದಷ್ಟು ದೊಡ್ಡ ಸಂರಕ್ಷಕ ಇನ್ನೊಂದಿಲ್ಲ ಎಂಬುದನ್ನು ಕಟ್ಟಡಗಳ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಮೆಲ್ಲನೆ ಹೇಳಿ ಮುಂದೆ ಹೋಗುತ್ತಾರೆ.

ಕಾನೂನು ಬಂದದ್ದು ಆಮೇಲೆ. ಜರ್ಮನಿಯಲ್ಲಿ ಸ್ಮಾರಕ ರಕ್ಷಣೆ ರಾಜ್ಯಗಳ ಅಧಿಕಾರ. ಹದಿನಾರು ರಾಜ್ಯಗಳಿಗೂ ಬೇರೆ ಬೇರೆ ಶಾಸನ. ಲೋವರ್ ಸ್ಯಾಕ್ಸನಿಯದು 1978ರ ಮೇ 30ರದು. ಆ ಶಾಸನವನ್ನು ಓದಿದಾಗ ನನಗೆ ಎರಡು ಅಂಶ ಬಹಳ ಮೆಚ್ಚಿಗೆಯಾದವು. ಮೊದಲನೆಯದು, ಕಟ್ಟಡ ರಕ್ಷಿತವೆನಿಸಲು ಪಟ್ಟಿಯಲ್ಲಿ ಹೆಸರು ಬರುವವರೆಗೆ ಕಾಯಬೇಕಾಗಿಲ್ಲ. ಅದಕ್ಕೆ ಐತಿಹಾಸಿಕ ಮಹತ್ವವಿದ್ದರೆ ಕಾನೂನಿನ ಕಣ್ಣಿನಲ್ಲಿ ಅದು ಆಗಲೇ ಸ್ಮಾರಕ, ಪಟ್ಟಿ ಅದನ್ನು ತಿಳಿಸುತ್ತದಷ್ಟೆ. ಎರಡನೆಯದು, ಒಂದೊಂದೇ ಕಟ್ಟಡವನ್ನಲ್ಲದೆ ಕಟ್ಟಡಗಳ ಗುಂಪನ್ನೂ ಅದು ಸ್ಮಾರಕವೆಂದು ಗಣಿಸುತ್ತದೆ. ದುಂಡೂರಿಗೆ ಇದು ಜೀವದ ಪ್ರಶ್ನೆ. ಇಲ್ಲಿ ಅಮೂಲ್ಯವಾದದ್ದು ಮನೆಗಳ ನಡುವಿನ ಖಾಲಿ ಬಯಲು. ಖಾಲಿ ಜಾಗಕ್ಕೆ ಒಂಟಿಯಾಗಿ ನಂಬರು ಕೊಡಲಾಗದು. ಮನೆಯನ್ನು ಸುಸ್ಥಿತಿಯಲ್ಲಿಡುವ ಹೊಣೆ ಮಾಲೀಕನದು, ಬದಲಾವಣೆಗೆ ಅಪ್ಪಣೆ ಬೇಕು. ತಾಳಲಾರದಷ್ಟು ಖರ್ಚಾದರೆ ಮಾತ್ರ ವಿನಾಯಿತಿ. ಹಾಗೆಂದು ಊರನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟಿಲ್ಲ. ಗಾಡಿ ಹೋಗುತ್ತಿದ್ದ ಬಾಗಿಲಿಗೆ ಗಾಜು ಹಾಕಿಸಿ ಒಳಗೆ ಬೆಳಕು ತಂದುಕೊಂಡಿರುವ ಮನೆಗಳನ್ನು ಈ ಸೀಮೆಯಲ್ಲಿ ನೋಡಬಹುದು. ಎಪ್ಪತ್ತರ ದಶಕದಿಂದ ಹ್ಯಾಂಬುರ್ಗ್, ಬರ್ಲಿನ್ನುಗಳಿಂದ ಚಿತ್ರಕಾರರು, ಕುಂಬಾರಿಕೆಯವರು, ಮೇಷ್ಟರುಗಳು ಬಂದು ಪಾಳುಬೀಳುತ್ತಿದ್ದ ಮನೆಗಳನ್ನು ಕೊಂಡು ಸರಿಪಡಿಸಿದ್ದಾರೆ. ದನವಿಲ್ಲದ ದನದ ಮನೆ ಇದು ಎಂದು ಮೂಗು ಮುರಿಯುವುದು ಸುಲಭ. ಕುಸಿದ ಮನೆಗಿಂತ ಇದು ಮೇಲಲ್ಲವೆ?

ಇಷ್ಟರವರೆಗೆ ನಾನು ಹೊಗಳಿಕೆಯ ಕಡೆಗೇ ಇದ್ದೇನೆ. ಇನ್ನು ನನ್ನ ತಕರಾರು.

ದೊಡ್ಡ ಬಾಗಿಲಿನ ಮೇಲೆ ಅಡ್ಡಲಾಗಿ ಒಂದು ದಪ್ಪ ತೊಲೆಯಿದೆ. ಅದರ ಮೇಲೆ ಮನೆ ಕಟ್ಟಿಸಿದ ಗಂಡಹೆಂಡಿರ ಹೆಸರು, ಇಸವಿ, ಒಂದು ದೇವರ ವಾಕ್ಯ ಕೆತ್ತಿರುವುದು ಈ ಸೀಮೆಯ ವಾಡಿಕೆ. ಸಂರಕ್ಷಣೆಯ ದೃಷ್ಟಿಯಿಂದ ಇದು ಮನೆಯ ಕಿರೀಟ. ನಾನು ಆ ತೊಲೆಗಳ ಕೆಳಗೆ ಬಹಳ ಹೊತ್ತು ಕತ್ತೆತ್ತಿ ನಿಂತೆ. ಕೆತ್ತನೆಯ ಭಾಷೆ ಯಾವುದು? ಪುಸ್ತಕದ ಜರ್ಮನ್, ಇಗರ್ಜಿ, ಶಾಲೆ, ಕಚೇರಿಯ ಭಾಷೆ. ಮನೆ ಕಟ್ಟಿದ ರೈತ ಹೆಂಡತಿಯೊಡನೆ, ಎತ್ತಿನೊಡನೆ ಆಡುತ್ತಿದ್ದದ್ದು ಉತ್ತರ ಸೀಮೆಯ ಆಡುಮಾತಾದ ಲೋ ಜರ್ಮನ್. ಅವನ ಮುತ್ತಜ್ಜನ ಕಾಲಕ್ಕೆ ಹೋದರೆ ಅದೂ ಅಲ್ಲ. ವೆಂಡ್ ಭಾಷೆ, ಪಂಡಿತರು ಪೊಲಾಬಿಯನ್ ಎಂದು ಕರೆಯುವುದು. ಸಾಟೆಮಿನ್ ಎಂಬ ಹೆಸರು ಆ ಭಾಷೆಯದು. ಸುತ್ತಲಿನ ಊರುಗಳಲ್ಲಿ 'ಇನ್', 'ಓ', 'ಇಟ್ಸ್' ಎಂದು ಮುಗಿಯುವವುಗಳೂ ಆ ಮೂಲದವೇ. ಅಷ್ಟೇಕೆ, ಬರ್ಲಿನ್ ಎಂಬ ಹೆಸರೂ ಸ್ಲಾವ್ ಬೇರಿನದು. ತೊಲೆ ಉಳಿದಿದೆ, ಇಸವಿ ಉಳಿದಿದೆ. ಈ ವೃತ್ತವನ್ನು ಮೊದಲು ಎಳೆದವರು ಅದನ್ನು ಏನೆಂದು ಕರೆದರೋ ಆ ಮಾತಿಗೆ ಇಲ್ಲಿ ಒಂದು ಚೌಕದಷ್ಟೂ ಜಾಗವಿಲ್ಲ.

ಆ ಭಾಷೆಯ ಸಾವನ್ನು ನಾವು ಹೆಚ್ಚುಕಡಿಮೆ ವರ್ಷ ಹಿಡಿದು ಹೇಳಬಹುದು. ಹತ್ತಿರದ ವುಸ್ತ್ರೋ ಎಂಬಲ್ಲಿ ಕ್ರಿಶ್ಚಿಯನ್ ಹೆನಿಂಗ್ ಎಂಬ ಪಾದ್ರಿ ಇದ್ದ. ಕ್ಲೆನ್ನೋ ಊರಿನ ಒಬ್ಬ ರೈತನನ್ನು ಕೂರಿಸಿಕೊಂಡು ಪದಗಳನ್ನು ಬರೆದುಕೊಂಡು 1705ರ ಸುಮಾರಿಗೆ ಒಂದು ವೆಂಡ್ ಕೋಶ ಮಾಡಿದ. ಅವನು ಕಂಡದ್ದೇನು? ಮುದುಕರು ಮಕ್ಕಳ ಮುಂದೆ ತಮ್ಮ ಮಾತನ್ನಾಡಲು ಹಿಂಜರಿಯುತ್ತಿದ್ದರು, ಅವರು ನಗುತ್ತಾರೆಂದು. ಕಿರಿಯರಿಗೆ ಅದು ಕಿವಿಗೆ ಬೀಳುವುದೂ ಬೇಡವಾಗಿತ್ತು. ಇನ್ನು ಇಪ್ಪತ್ತು ಮೂವತ್ತು ವರ್ಷದಲ್ಲಿ ಮುಗಿಯಿತು ಎಂದು ಅವನು ಲೆಕ್ಕ ಹಾಕಿದ. 1725ರಲ್ಲಿ ಜ್ಯೂಟೆನ್ ಎಂಬ ದುಂಡೂರಿನಲ್ಲಿ ಯೋಹಾನ್ ಪರುಮ್ ಶುಲ್ಟ್ಸೆ ಎಂಬ ರೈತ, ಊರಿನ ಮುಖ್ಯಸ್ಥ, ಹೆಂಡದಂಗಡಿಯನ್ನೂ ನಡೆಸುತ್ತಿದ್ದವನು, ಊರಿನ ವೃತ್ತಾಂತ ಬರೆದಿಟ್ಟ. ಆಗ ಅವನಿಗೆ ನಲವತ್ತೇಳು. ತಾನೂ ಊರಿನ ಇನ್ನು ಮೂವರೂ ಹೋದ ಮೇಲೆ ನಾಯಿಗೆ ವೆಂಡ್ ಭಾಷೆಯಲ್ಲಿ ಏನೆನ್ನುತ್ತಾರೆಂದು ತಿಳಿದವರೇ ಇಲ್ಲವಾಗುತ್ತಾರೆ ಎಂಬುದು ಅವನ ಅಳಲು. 1756ರಲ್ಲಿ ಡೊಲ್ಗೋ ಊರಿನ ಎಮರೆಂಟ್ಸ್ ಶುಲ್ಟ್ಸೆ ಎಂಬ ಮುದುಕಿ ಎಂಬತ್ತೆಂಟನೆಯ ವಯಸ್ಸಿನಲ್ಲಿ ತೀರಿಕೊಂಡಳು. ಅವಳೇ ಆ ಭಾಷೆ ಬಲ್ಲ ಕೊನೆಯವಳೆನ್ನುತ್ತಾರೆ. ಇಂದು ಉಳಿದಿರುವುದು ಸುಮಾರು 2,800 ಶಬ್ದ, ಕೆಲವು ಪ್ರಾರ್ಥನೆ, ಒಂದು ಮದುವೆಯ ಹಾಡು, ಅಲ್ಪಸ್ವಲ್ಪ ಗದ್ಯ.

ಕನ್ನಡಿಗನಿಗೆ ಇಲ್ಲಿ ಒಂದು ಹೆಸರು ನೆನಪಾಗದೆ ಇರದು. ನಮ್ಮ ಫರ್ಡಿನಾಂಡ್ ಕಿಟ್ಟೆಲ್ ಹುಟ್ಟಿದ್ದು ಇದೇ ಲೋವರ್ ಸ್ಯಾಕ್ಸನಿಯ ಇನ್ನೊಂದು ತುದಿಯಲ್ಲಿ, ಕಡಲಂಚಿನ ಪೂರ್ವ ಫ್ರೀಸಿಯಾದ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ, 1832ರಲ್ಲಿ. ಆಗ ಆ ಸೀಮೆಯೂ ವೆಂಡ್‌ಲಾಂಡೂ ಒಂದೇ ಹ್ಯಾನೋವರ್ ರಾಜ್ಯಕ್ಕೆ ಸೇರಿದ್ದವು. ಅವರ ತಂದೆಯೂ ಪಾದ್ರಿ. 1853ರಲ್ಲಿ ಇಂಡಿಯಾಕ್ಕೆ ಬಂದ ಕಿಟ್ಟೆಲರು ಸುಮಾರು 70,000 ಶಬ್ದಗಳ ಕೋಶವನ್ನು 1894ರಲ್ಲಿ ಮಂಗಳೂರಿನಲ್ಲಿ ಹೊರತಂದರು. ಹೆನಿಂಗನ ಕೋಶವನ್ನೂ ಕಿಟ್ಟೆಲರ ಕೋಶವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಒಬ್ಬ ಸಾಯುವವನ ಉಯಿಲು ಬರೆದುಕೊಂಡ, ಇನ್ನೊಬ್ಬರು ತುಂಬಿದ ಮನೆಯ ಸಾಮಾನಿನ ಪಟ್ಟಿ ಮಾಡಿದರು. ಆದರೂ ಕಿಟ್ಟೆಲ್ ಕೋಶವನ್ನು ಕಪಾಟಿನಲ್ಲಿಟ್ಟುಕೊಂಡು ಕನ್ನಡ ಸುರಕ್ಷಿತವಾಗಿದೆ ಎಂದು ನಂಬುವ ಹೊರನಾಡ ಕನ್ನಡಿಗರಿಗೆ (ನನ್ನನ್ನೂ ಸೇರಿಸಿ) ಹೆನಿಂಗನ ಕೋಶ ಎದೆಗೆ ಚುಚ್ಚಬೇಕು. ಕೋಶವಿದ್ದೂ ಆ ಭಾಷೆ ಹೋಯಿತು. ಅದನ್ನು ಯಾರೂ ನಿಷೇಧಿಸಿ ಕೊಂದರೆಂದು ಹೆನಿಂಗ್ ಹೇಳುವುದಿಲ್ಲ. ಮಕ್ಕಳು ನಕ್ಕರು, ಹಿರಿಯರು ಬಾಯಿ ಮುಚ್ಚಿಕೊಂಡರು.

ಸತ್ತ ಭಾಷೆಗೆ 1978ರ ಕಾನೂನು ಏನು ಮಾಡೀತು ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಕಟ್ಟಡದ ಶಾಸನದಿಂದ ಮಾತಿನ ರಕ್ಷಣೆಯನ್ನು ಬೇಡುವುದು ಬಡಗಿಯಿಂದ ಔಷಧ ಕೇಳಿದ ಹಾಗೆ. ಮಾತುಗಳಿಗಾಗಿಯೇ ಒಂದು ಯುರೋಪಿಯನ್ ಸನ್ನದು ಜರ್ಮನಿಯಲ್ಲಿ 1999ರಿಂದ ಜಾರಿಯಲ್ಲಿದೆ. ಲೋ ಜರ್ಮನ್ನಿಗೂ, ಪೂರ್ವದ ರಾಜ್ಯಗಳಲ್ಲಿ ಇನ್ನೂ ಬದುಕಿರುವ ವೆಂಡರ ದಾಯಾದಿ ಭಾಷೆಯಾದ ಸೋರ್ಬಿಯನ್ನಿಗೂ ಅದರಲ್ಲಿ ಆಸರೆಯುಂಟು. ವೆಂಡ್ ಭಾಷೆಗೆ ಅದು ಬಂದದ್ದು ಇನ್ನೂರ ನಲವತ್ತು ವರ್ಷ ತಡವಾಗಿ. ನನ್ನ ತಕರಾರು ಕಾನೂನಿನ ಮೇಲಲ್ಲ, ನೋಡುವ ನಮ್ಮ ಕಣ್ಣಿನ ಮೇಲೆ. ತೊಲೆಗೆ ಮಾಲೀಕನಿದ್ದಾನೆ, ಸರ್ವೆ ನಂಬರಿದೆ, ದುರಸ್ತಿಗೆ ಅಂದಾಜು ಪಟ್ಟಿಯಿದೆ. ಆದ್ದರಿಂದ ಅದು ಪರಂಪರೆ. ಮುದುಕಿಯ ಬಾಯಲ್ಲಿದ್ದದ್ದಕ್ಕೆ ಇವು ಯಾವುವೂ ಇಲ್ಲ. ನನಗೆ ಪರಿಚಯವಿರುವ ಒಂದು ಹೊರನಾಡ ಸಂಘದ ವಾರ್ಷಿಕ ಸಭೆಯಲ್ಲಿ (ಹೆಸರು ಬೇಡ) ಸಭಾಭವನದ ಛಾವಣಿ ಸೋರುವ ವಿಷಯಕ್ಕೆ ಎರಡು ಗಂಟೆ ಚರ್ಚೆಯಾಯಿತು. ಕನ್ನಡ ವರ್ಗಕ್ಕೆ ಈ ವರ್ಷ ಮಕ್ಕಳು ಬರಲಿಲ್ಲ ಎಂಬ ವರದಿಯನ್ನು "ಓದಿದೆ ಎಂದು ಭಾವಿಸಿ" ಅಂಗೀಕರಿಸಿದರು. ಛಾವಣಿ ಈಗ ಸೋರುವುದಿಲ್ಲ, ಒಳ್ಳೆಯ ಕೆಲಸವೇ. ಅಂಗೀಕಾರಕ್ಕೆ ಕೈ ಎತ್ತಿದವರಲ್ಲಿ ನಾನೂ ಒಬ್ಬ.

ಆ ಮದುವೆಯ ಹಾಡಿನ ಸಂಗತಿ ಹೇಳದಿದ್ದರೆ ಬರಹ ಅರ್ಧವಾದೀತು. ಹೆನಿಂಗ್ ಬರೆದುಕೊಂಡಿದ್ದ ಅದನ್ನು ಹರ್ಡರ್ ತನ್ನ ಜನಪದ ಗೀತೆಗಳ ಸಂಗ್ರಹದಲ್ಲಿ ಜರ್ಮನ್ನಿಗೆ ತಂದ. ಗೊಯ್ಥೆ 1782ರಲ್ಲಿ ತನ್ನ ಒಂದು ಗೀತನಾಟಕದಲ್ಲಿ ಬಳಸಿಕೊಂಡ. ಗೂಬೆ ಮದುಮಗಳು, ತೋಳ ಅಡಿಗೆಯವನು, ಮೊಲ ಪಾನಕ ಬಡಿಸುವವನು, ಕೊಕ್ಕರೆ ವಾದ್ಯದವನು, ಊಟಕ್ಕೆ ನರಿಯ ಬಾಲವೇ ಮೇಜು. ಹಿಂದಿರುಗುವಾಗ ಕಾರಿನಲ್ಲಿ ಈ ಕಥೆಯನ್ನು ಆರು ವರ್ಷದ ಮೊಮ್ಮಗಳಿಗೆ ಕನ್ನಡದಲ್ಲಿ ಹೇಳತೊಡಗಿದೆ. ಮೊದಲ ವಾಕ್ಯಕ್ಕೇ ತಡೆದಳು.

"ಗೂಬೆ ಅಂದರೇನು ಅಜ್ಜಾ?"

ಮುಂದಿನ ಸೀಟಿನಿಂದ ಮಗಳು ಜರ್ಮನ್ ಶಬ್ದ ಹೇಳಹೊರಟಳು. ಬೇಡ ಎಂದು ಕೈ ಅಡ್ಡ ಹಿಡಿದು ನಾನು ಕಣ್ಣರಳಿಸಿ, ಕೊರಳು ತಿರುಗಿಸಿ, ಗೂಬೆ ಕೂಗಿದ ಹಾಗೆ ಕೂಗಿದೆ. ಅಳಿಯಂದಿರು ಗಾಬರಿಯಿಂದ ಕಾರು ನಿಧಾನ ಮಾಡಿದರು.