ಶೇ 3.6 ಎಂಬ ಸಮಾಧಾನ

ಕೋವಿಡ್ ಕುರಿತ ನಮ್ಮ ವೈದ್ಯಕೀಯ ಬರಹಗಳಲ್ಲಿ ಒಂದು ಅಂಕಿ ಬಾಯಿಪಾಠವಾಗಿ ಕೂತಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ತನ್ನ ಜಾಲದ ಹತ್ತು ಆಸ್ಪತ್ರೆಗಳಲ್ಲಿ 2020ರ ಜೂನ್ 1ರಿಂದ ಆಗಸ್ಟ್ 30ರವರೆಗೆ ದಾಖಲಾದ 17,534 ಕೋವಿಡ್ ರೋಗಿಗಳ ಲೆಕ್ಕ ಹಿಡಿದು, ಅವರಲ್ಲಿ ಶೇ 3.6 ಜನರಿಗೆ ಬ್ಯಾಕ್ಟೀರಿಯಾ ಅಥವಾ ಶಿಲೀಂಧ್ರದ ಎರಡನೆಯ ಸೋಂಕು ತಗುಲಿತ್ತು ಎಂದು 2021ರಲ್ಲಿ ಒಂದು ಪ್ರಬಂಧದಲ್ಲಿ ಪ್ರಕಟಿಸಿತು. ಅಂದಿನಿಂದ ಉಪನ್ಯಾಸಗಳಲ್ಲಿ, ಪತ್ರಿಕೆಗಳ ಆರೋಗ್ಯ ಪುಟಗಳಲ್ಲಿ, ಚಿಕಿತ್ಸೆಯ ಚರ್ಚೆಗಳಲ್ಲಿ ಈ ಅಂಕಿ ಓಡಾಡುತ್ತಲೇ ಇದೆ. ಪ್ರಬಂಧವನ್ನು ತೆರೆದು ನೋಡದವರೂ ಅದನ್ನು ನೆಚ್ಚಿ ಮಾತಾಡುತ್ತಾರೆ. ಈ ಅಂಕಿಗೆ ಸಿಕ್ಕ ಕೀರ್ತಿ ಅದರ ಯೋಗ್ಯತೆಗಿಂತ ದೊಡ್ಡದು ಎಂಬುದು ನನ್ನ ವಾದ. ಪ್ರಬಂಧದ ಸತ್ವ ಇರುವುದು ಅದರ ಆಚೀಚೆಯ ಸಾಲುಗಳಲ್ಲಿ. ಆ ಸಾಲುಗಳನ್ನು ಓದುವವರು ಕಡಿಮೆ.

ವೈರಸ್ಸಿನ ಬೆನ್ನಿಗೆ ಬ್ಯಾಕ್ಟೀರಿಯಾ ಬಂದು ಪ್ರಾಣ ತೆಗೆಯುವುದು 1918ರ ಇನ್‌ಫ್ಲುಯೆಂಜಾದಿಂದ ಗೊತ್ತಿರುವ ವಿಷಯ, ಅದನ್ನಿಲ್ಲಿ ಬೆಳೆಸುವುದಿಲ್ಲ. ರೋಗಿ ಮನೆಯಿಂದಲೇ ತಂದ ಜೊತೆಸೋಂಕು ಬೇರೆ, ದಾಖಲಾಗಿ 48 ತಾಸು ಕಳೆದ ಮೇಲೆ ಆಸ್ಪತ್ರೆಯಲ್ಲಿ ಅಂಟುವ ಸೋಂಕು ಬೇರೆ ಎಂಬುದೂ ಓದುಗರಿಗೆ ತಿಳಿದದ್ದೇ. ನೇರವಾಗಿ ಆ ಅಂಕಿಗೆ ಬರೋಣ.

ಶೇ 3.6ರ ಪಕ್ಕದಲ್ಲೇ ಪ್ರಬಂಧ ಇನ್ನೆರಡು ಅಂಕಿಗಳನ್ನು ಕೊಡುತ್ತದೆ. ಆಸ್ಪತ್ರೆಯಿಂದ ಆಸ್ಪತ್ರೆಗೆ ಈ ಪ್ರಮಾಣ ಶೇ 1.7ರಿಂದ ಶೇ 28ರವರೆಗೆ ಇತ್ತು. ಒಂದೇ ದೇಶ, ಒಂದೇ ವೈರಸ್, ಅವೇ ಮೂರು ತಿಂಗಳು. ಅಂತರ ಮಾತ್ರ ಹದಿನಾರು ಪಟ್ಟು. ಇಷ್ಟು ಚದುರಿದ ಅಂಕಿಗಳ ಸರಾಸರಿಯಿಂದ ಯಾವ ಒಂದು ಆಸ್ಪತ್ರೆಯ ಸ್ಥಿತಿಯೂ ತಿಳಿಯುವುದಿಲ್ಲ. ಎಲ್ಲರೂ ಉದ್ಧರಿಸುವುದು ಆ ಸರಾಸರಿಯನ್ನು; ಅಂತರ ಏಕೆ ಬಂತು ಎಂದು ಕೇಳಿದವರು ವಿರಳ. ನನಗೆ ಅದಕ್ಕೆ ಎರಡು ಕಾರಣ ಕಾಣುತ್ತವೆ.

ಮೊದಲನೆಯದು ರೋಗಿಗಳ ಮಿಶ್ರಣ. ಲಕ್ಷಣ ಕಡಿಮೆ ಇದ್ದವರನ್ನೂ ಪ್ರತ್ಯೇಕವಾಗಿ ಇಡಲೆಂದೇ ಹಾಸಿಗೆಗೆ ಸೇರಿಸಿಕೊಳ್ಳುತ್ತಿದ್ದ ಕಾಲವದು. ಎದೆ ಹಗುರವಾಗಿದ್ದವರು, ನ್ಯುಮೋನಿಯಾ ಇಲ್ಲದವರು, ನಾಲ್ಕು ದಿನ ಇದ್ದು ನಡೆದುಕೊಂಡೇ ಮನೆಗೆ ಹೋದವರು, ಎಲ್ಲರೂ 17,534ರೊಳಗೆ ಇರುವ ಸಾಧ್ಯತೆ ಇದೆ. ಹಗುರ ರೋಗಿಗಳು ಹೆಚ್ಚಿದಷ್ಟೂ ಶೇಕಡಾವಾರು ಇಳಿಯುತ್ತದೆ. ಕೊಳವೆ ಹಾಕಿಸಿಕೊಂಡು ವೆಂಟಿಲೇಟರ್ ಮೇಲೆ ಮಲಗಿದವನ ಅಪಾಯ ಒಂದು ಕೂದಲೆಳೆಯಷ್ಟೂ ಇಳಿಯುವುದಿಲ್ಲ.

ಎರಡನೆಯ ಕಾರಣ ಹೆಚ್ಚು ಗಂಭೀರ. ಎರಡನೆಯ ಸೋಂಕು ಲೆಕ್ಕಕ್ಕೆ ಬರಬೇಕಾದರೆ ಯಾರಾದರೂ ಕಫ, ಶ್ವಾಸನಾಳದ ದ್ರವ ಅಥವಾ ರಕ್ತವನ್ನು ಕಲ್ಚರಿಗೆ ಕಳಿಸಿರಬೇಕು. 2020ರಲ್ಲಿ ಗಾಳಿಯಲ್ಲಿ ವೈರಸ್ ಹಾರೀತೆಂಬ ಭಯದಿಂದ ಕಫ ತೆಗೆಸುವುದನ್ನೂ ಬ್ರಾಂಕೋಸ್ಕೋಪಿಯನ್ನೂ ಹಲವು ಕಡೆ ಕಡಿಮೆ ಮಾಡಲಾಗಿತ್ತು. ಮಾದರಿ ತೆಗೆಯುವ ಮೊದಲೇ ಆಂಟಿಬಯೋಟಿಕ್ ಒಳಗೆ ಹೋಗಿದ್ದರೆ ತಟ್ಟೆಯಲ್ಲಿ ಏನೂ ಬೆಳೆಯದಿರುವ ಸಂಭವವೇ ಹೆಚ್ಚು. ಮಳೆಮಾಪಕ ಇಡದ ಊರಿನಲ್ಲಿ ಮಳೆಯೇ ಆಗಲಿಲ್ಲವೆಂದು ಬರೆದುಕೊಂಡ ಹಾಗೆ, ಹುಡುಕದ ಸೋಂಕು ಇಲ್ಲದ ಸೋಂಕಾಗಿ ದಾಖಲಾಯಿತು. ಅಂತರದ ಮೇಲಿನ ತುದಿಯಲ್ಲಿರುವ ಆಸ್ಪತ್ರೆ ಹೆಚ್ಚು ಕೊಳಕೋ, ಹೆಚ್ಚು ಶ್ರದ್ಧೆಯಿಂದ ಹುಡುಕಿದ್ದೋ? ಸರಾಸರಿಯಿಂದ ಇದನ್ನು ತಿಳಿಯಲು ದಾರಿಯೇ ಇಲ್ಲ.

ಹುಡುಕಿದರೆ ಏನು ಸಿಗುತ್ತದೆ ಎಂಬುದಕ್ಕೆ ಶಿಕಾಗೊದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ತಂಡ 2023ರಲ್ಲಿ ಪ್ರಕಟಿಸಿದ ಅಧ್ಯಯನ ಸಾಕ್ಷಿ. ಅಲ್ಲಿ ವೆಂಟಿಲೇಟರ್ ಮೇಲಿದ್ದ 585 ನ್ಯುಮೋನಿಯಾ ರೋಗಿಗಳ ಶ್ವಾಸಕೋಶ ತೊಳೆದು ಮತ್ತೆ ಮತ್ತೆ ಪರೀಕ್ಷಿಸಿದರು. ಕೋವಿಡ್ ಇದ್ದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ವೆಂಟಿಲೇಟರಿನಿಂದ ಬರುವ ಎರಡನೆಯ ನ್ಯುಮೋನಿಯಾ ಕಂಡಿತು. ಅದು ವಾಸಿಯಾಗದೆ ಉಳಿದವರಲ್ಲಿ ಸಾವು ಹೆಚ್ಚಿತ್ತು. ಆ ರೋಗಿಗಳ ಸ್ಥಿತಿ ಐಸಿಎಂಆರ್ ಪ್ರಬಂಧದವರಿಗಿಂತ ಬಹಳ ತೀವ್ರವಾಗಿತ್ತು, ಆದ್ದರಿಂದ ಎರಡು ಅಂಕಿಗಳನ್ನು ಎದುರುಬದುರು ನಿಲ್ಲಿಸುವುದು ಸರಿಯಲ್ಲ. ಯಾರನ್ನು, ಎಷ್ಟು ಸಲ ಪರೀಕ್ಷಿಸಿದರು ಎಂಬುದು ಉತ್ತರವನ್ನು ಎಷ್ಟು ದೂರ ಎಳೆಯಬಲ್ಲದು ಎಂದು ತಿಳಿಯಲು ಈ ಉದಾಹರಣೆ ಸಾಕು.

ಈಗ ಐಸಿಎಂಆರ್ ಪ್ರಬಂಧದ್ದೇ ಅಂಕಿಗಳಿಂದ ಒಂದು ಸಣ್ಣ ಗುಣಾಕಾರ ಮಾಡೋಣ. 17,534ರ ಶೇ 3.6 ಎಂದರೆ ಸುಮಾರು 630 ಜನ. ಅವರಲ್ಲಿ ಶೇ 56.7 ಜನ, ಅಂದರೆ ಸುಮಾರು 360 ಮಂದಿ ತೀರಿಕೊಂಡರು. ಒಟ್ಟು ಮರಣ ಶೇ 10.6, ಸುಮಾರು 1,860. ದಾಖಲಾದವರಲ್ಲಿ ನೂರಕ್ಕೆ ನಾಲ್ಕರಷ್ಟೂ ಇಲ್ಲದ ಈ ಗುಂಪಿನಿಂದ ಸಾವಿನ ಐದನೆಯ ಒಂದು ಪಾಲು ಬಂದಿದೆ. ಉಳಿದ ಸುಮಾರು 1,500 ಮೃತರಲ್ಲಿ ಎಷ್ಟು ಜನರ ಕಫ ಪ್ರಯೋಗಾಲಯ ಮುಟ್ಟಿತ್ತು? ಶೇ 3.6 ಅನ್ನು ಸಮಾಧಾನದ ಸುದ್ದಿಯಾಗಿ ಹಂಚುವವರು ಈ ಪ್ರಶ್ನೆಯನ್ನು ದಾಟಿ ಹೋಗುವಂತಿಲ್ಲ.

ಇನ್ನು ಸಿಕ್ಕ ರೋಗಾಣುಗಳು. ಕ್ಲೆಬ್ಸಿಯೆಲ್ಲಾ ಶೇ 29, ಅಸಿನೆಟೊಬ್ಯಾಕ್ಟರ್ ಶೇ 21. ಅಂತಿಮ ಅಸ್ತ್ರಗಳಲ್ಲಿ ಒಂದಾದ ಕಾರ್ಬಾಪೆನೆಮ್ ಔಷಧಕ್ಕೆ ಮೊದಲನೆಯದು ಶೇ 72.8, ಎರಡನೆಯದು ಶೇ 92.6ರಷ್ಟು ಬಗ್ಗದೆ ನಿಂತಿದ್ದವು. ಇಂಥ ಹಟದ ರೋಗಾಣುಗಳು ಹೊಲಮನೆಗಳಿಂದ ಬರುವಂಥವಲ್ಲ. ಇವು ಬಹುಪಾಲು ವೆಂಟಿಲೇಟರಿನ ಕೊಳವೆ, ಸಕ್ಷನ್ ನಳಿಗೆ, ರಕ್ತನಾಳಕ್ಕೆ ಹಾಕಿದ ಸೂಜಿ, ತೊಳೆಯದ ಕೈಗಳ ಮೂಲಕ ಹಬ್ಬುವ ವಾರ್ಡಿನ ರೋಗಾಣುಗಳು. ಈ ದೃಷ್ಟಿಯಿಂದ ನೋಡಿದರೆ ಪ್ರಬಂಧದ ನಿಜವಾದ ವಿಷಯ ಕೋವಿಡ್ ಅಲ್ಲವೇ ಅಲ್ಲ. ನಮ್ಮ ತೀವ್ರ ನಿಗಾ ಘಟಕಗಳ ನೈರ್ಮಲ್ಯ.

ಇಲ್ಲಿ ಎರಡು ಬಣಗಳ ಜೊತೆ ನನ್ನ ತಕರಾರಿದೆ. ಒಂದು ಬಣ ಶೇ 56.7 ಅನ್ನು ಎತ್ತಿ ಹಿಡಿದು, ಸೋಂಕು ಇಷ್ಟು ಕೊಲ್ಲುವುದಾದರೆ ಬಂದವರಿಗೆಲ್ಲ ಮೊದಲ ದಿನವೇ ದೊಡ್ಡ ಇಂಜೆಕ್ಷನ್ ಶುರು ಮಾಡಿ ಎನ್ನುತ್ತದೆ. ವಾರಗಟ್ಟಲೆ ವೆಂಟಿಲೇಟರಿನಲ್ಲಿ ಇದ್ದವರಿಗೇ ಈ ಸೋಂಕು ಹೆಚ್ಚು ತಗಲುತ್ತದೆ; ಅವರು ಮೊದಲೇ ಸಾವಿನ ಅಂಚಿನಲ್ಲಿದ್ದವರು. ಸೋಂಕು ಎಷ್ಟು ಕೊಂದಿತು, ಮೂಲ ರೋಗ ಎಷ್ಟು ಕೊಂದಿತು ಎಂದು ಆ ಒಂದು ಅಂಕಿಯಿಂದ ಬಿಡಿಸಲಾಗದು. ಮೊದಲ ದಿನದ ಇಂಜೆಕ್ಷನ್ ಹತ್ತನೆಯ ದಿನದ ಅಸಿನೆಟೊಬ್ಯಾಕ್ಟರನ್ನು ತಡೆಯುವುದೂ ಇಲ್ಲ. ಬಗ್ಗುವ ರೋಗಾಣುಗಳನ್ನು ಕೊಂದು ಬಗ್ಗದವಕ್ಕೆ ಜಾಗ ಮಾಡಿಕೊಡುತ್ತದೆ.

ಇನ್ನೊಂದು ಬಣ ಕನ್ನಡದಲ್ಲಿ ಹೆಚ್ಚು ಸದ್ದು ಮಾಡಿತು. ಎರಡನೆಯ ಸೋಂಕು ಇಷ್ಟು ವಿರಳವಾಗಿರುವಾಗ ಆಂಟಿಬಯೋಟಿಕ್ ನುಂಗಿದ ಹಳ್ಳಿಯ ಜನರದೇ ತಪ್ಪು, ಕೊಟ್ಟ ಸಣ್ಣ ದವಾಖಾನೆಯದೇ ಅಪರಾಧ ಎಂದಿತು. ಆ ಆಂಟಿಬಯೋಟಿಕ್‌ಗಳಲ್ಲಿ ಒಂದಾದ ಅಜಿಥ್ರೋಮೈಸಿನ್ ಬೇಕಿರಲಿಲ್ಲ ಎಂಬ ಮಾತು ನಿಜ. ಬ್ರಿಟನ್ನಿನ ರಿಕವರಿ ಪ್ರಯೋಗದಲ್ಲಿ ಅದನ್ನು ಪಡೆದವರಲ್ಲೂ ಪಡೆಯದವರಲ್ಲೂ ಶೇ 22 ಜನ ತೀರಿಕೊಂಡರು. ಆದರೆ ಆ ಗುಳಿಗೆ ಹಳ್ಳಿಯಲ್ಲಿ ಹುಟ್ಟಿದ್ದಲ್ಲ. 2020ರ ಮಾರ್ಚ್ 31ರ ಕೇಂದ್ರ ಸರ್ಕಾರದ ಚಿಕಿತ್ಸಾ ಸೂಚಿಯೇ ತೀವ್ರ ರೋಗಿಗಳಿಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಜೊತೆ ಅದನ್ನು ಹೇಳಿತ್ತು. 2020ರಲ್ಲೇ ಪ್ರಕಟವಾದ ಒಂದು ಜಾಗತಿಕ ಸಮೀಕ್ಷೆಯಲ್ಲಿ 806 ರೋಗಿಗಳ ಪೈಕಿ 62 ಮಂದಿಗೆ ಮಾತ್ರ ಜೊತೆಸೋಂಕು ಕಂಡಿತ್ತು. ಆಂಟಿಬಯೋಟಿಕ್ ಪಡೆದವರು ಶೇ 72. ಐಸಿಎಂಆರ್ ಪ್ರಬಂಧದ ದೊಡ್ಡ ಆಸ್ಪತ್ರೆಗಳಲ್ಲೂ ಬರೆದುಕೊಟ್ಟ ಔಷಧಗಳ ಬಹುಪಾಲು ಎಚ್ಚರದಿಂದ ಬಳಸಿರೆಂದು ವಿಶ್ವ ಆರೋಗ್ಯ ಸಂಸ್ಥೆ ಗುರುತಿಸಿದ ವರ್ಗದವೇ. ರೋಗಾಣು ಬೆಳೆಸಿದ್ದೂ ಔಷಧ ಸುರಿದದ್ದೂ ಮೇಲಿನ ಮಟ್ಟದಲ್ಲಿ. ಬೈಗುಳ ಮಾತ್ರ ಕೆಳಗಿನವರಿಗೆ. ಈ ಅನ್ಯಾಯವನ್ನು ಸಂಖ್ಯಾಶಾಸ್ತ್ರದ ಹೆಸರಿನಲ್ಲಿ ಒಪ್ಪಲಾಗದು.

ಗಜೇಂದ್ರಗಡದ ಬದಿಯ ಲಕ್ಕಲಕಟ್ಟಿಯಂಥ ಹಳ್ಳಿಯಲ್ಲಿ ಕೂತು ಈ ಪ್ರಬಂಧವನ್ನು ಓದಿ ನೋಡಬೇಕು. ಅಲ್ಲಿ ಉಸಿರು ಕಟ್ಟಿದವರನ್ನು ಮೊದಲು ಗಜೇಂದ್ರಗಡಕ್ಕೆ ಅಥವಾ ರೋಣಕ್ಕೆ, ಬಿಗಿಯಾದರೆ ಗದಗಿನ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಾದ ಜಿಮ್ಸ್‌ಗೆ, ಇನ್ನೂ ಬಿಗಿಯಾದರೆ ಹುಬ್ಬಳ್ಳಿಗೆ ಒಯ್ಯುತ್ತಾರೆ. ಪ್ರತಿ ಹಂತದಲ್ಲೂ ಹೊಸ ಇಂಜೆಕ್ಷನ್ ಶುರುವಾಗಿ, ಯಾವ ಹಂತದಲ್ಲೂ ಕಫ ಕಳಿಸದಿದ್ದರೆ, ಕೊನೆಯ ಆಸ್ಪತ್ರೆಗೆ ಬರುವುದು ಸುಳಿವೆಲ್ಲ ಅಳಿಸಿಹೋದ ಶ್ವಾಸಕೋಶ. ಕಲ್ಚರಿನ ಫಲಿತಾಂಶಕ್ಕೆ ಎರಡು ಮೂರು ದಿನ ಬೇಕು. ಮೊದಲ ಸೂಜಿಗೆ ಮುನ್ನ ಮಾದರಿ ತೆಗೆದಿಟ್ಟರೆ ಮಾತ್ರ ಆ ದಿನಗಳಿಗೆ ಬೆಲೆ. ಹತ್ತು ಆಸ್ಪತ್ರೆಗಳ ಪಟ್ಟಿಯಲ್ಲಿ ತಾಲ್ಲೂಕು ಆಸ್ಪತ್ರೆ ಒಂದೂ ಇಲ್ಲ. ಆದರೂ ಅದರ ಸರಾಸರಿಯನ್ನು ಇಡೀ ದೇಶದ ಸರಾಸರಿಯೆಂದು ಉದ್ಧರಿಸುತ್ತಾರೆ. ಕಾಲವೂ ಹೊಂದುವುದಿಲ್ಲ: ಡೆಕ್ಸಾಮೆಥಾಸೋನ್ ಫಲಿತಾಂಶ ಬಂದದ್ದು 2020ರ ಜೂನ್ ಮಧ್ಯದಲ್ಲಿ, ಸ್ಟಿರಾಯ್ಡ್ ಎಲ್ಲೆಡೆ ಹರಡಿದ್ದು ಆಮೇಲೆ, ಕರ್ನಾಟಕ ಕಪ್ಪು ಶಿಲೀಂಧ್ರವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಸಾರಿದ್ದು 2021ರ ಮೇ ತಿಂಗಳಲ್ಲಿ. ಎರಡನೆಯ ಅಲೆಗೆ ಈ ಅಂಕಿಯನ್ನು ಹಚ್ಚುವುದು ಹೋದ ವರ್ಷದ ಬೆಳೆಯಿಂದ ಈ ವರ್ಷದ ಇಳುವರಿ ಹೇಳುವ ಸಾಹಸ.

ಲೇಖಕರಿಗೆ ಸಲ್ಲಬೇಕಾದ ಗೌರವ ಸಲ್ಲಲಿ. ಅಲೆ ಏರುತ್ತಿದ್ದ ಹೊತ್ತಿನಲ್ಲಿ ಇಷ್ಟು ರೋಗಿಗಳ ಮಾಹಿತಿ ಕೂಡಿಸಿದರು. ಅಂತರವನ್ನು ಮುಚ್ಚಿಡದೆ ಅಚ್ಚು ಮಾಡಿದರು. ದೋಷ ಹೆಚ್ಚಿನ ಪಾಲು ನಮ್ಮ ಓದಿನದು. ಆದರೂ ಮೊದಲ ಪುಟದಲ್ಲಿ ಸರಾಸರಿಯನ್ನು ಮುಂದಿಟ್ಟ ಹೊಣೆ ಅವರದೇ. ಎಷ್ಟು ಜನರ ಮಾದರಿ ಕಳಿಸಲಾಯಿತು, ಔಷಧಕ್ಕೆ ಮುಂಚೆಯೋ ನಂತರವೋ, ವೆಂಟಿಲೇಟರಿನಲ್ಲಿದ್ದವರೆಷ್ಟು ಎಂಬ ಮೂರು ಸಂಗತಿಗಳಿಲ್ಲದೆ ಇಂಥ ಶೇಕಡಾವಾರು ಪ್ರಕಟವಾಗಬಾರದು. ಮುಂದಿನ ಅಧ್ಯಯನ ಗದಗದಂಥ ಜಿಲ್ಲಾ ಆಸ್ಪತ್ರೆಗಳಿಂದ, ರೋಣದಂಥ ತಾಲ್ಲೂಕು ಆಸ್ಪತ್ರೆಗಳಿಂದ ಶುರುವಾಗಬೇಕು. ಅಲ್ಲಿ ಒಬ್ಬ ಸೂಕ್ಷ್ಮಜೀವಿ ತಜ್ಞ, ವಾರದ ಏಳೂ ದಿನ ನಡೆಯುವ ಕಲ್ಚರ್ ಮೇಜು, ವಾರ್ಡಿನಲ್ಲಿ ಕೈತೊಳೆಯುವ ಲೆಕ್ಕ ಇಡುವ ನರ್ಸ್ ಇವು ಬೇಕೆಂದು ಕೇಳಲು ಈ ಪ್ರಬಂಧದ ಶೇ 28, ಶೇ 56.7, ಶೇ 92.6 ಬಲವಾದ ಆಧಾರ. ಶೇ 3.6 ಅನ್ನು ಮಾತ್ರ ಹೇಳಿ ನಿಲ್ಲಿಸುವವರು ಆ ಬೇಡಿಕೆಯನ್ನೇ ದುರ್ಬಲಗೊಳಿಸುತ್ತಿದ್ದಾರೆ.