ಲಾಭದ ಲೆಕ್ಕ, ನಿಷ್ಠೆಯ ಪ್ರಶ್ನೆ: ಶಾಸಕರ ಎರಡನೆಯ ಹುದ್ದೆ

ಶಾಸನಸಭೆಯ ಸದಸ್ಯರೊಬ್ಬರು ಸರ್ಕಾರದ ಅಧೀನದಲ್ಲಿ ಲಾಭದಾಯಕ ಹುದ್ದೆಯನ್ನು ಹೊಂದಿದ್ದರೆ ಅವರು ಸದಸ್ಯತ್ವಕ್ಕೆ ಅನರ್ಹರಾಗುತ್ತಾರೆಂದು ಭಾರತದ ಸಂವಿಧಾನವು ಸಂಸದರ ಮಟ್ಟಿಗೆ 102ನೆಯ ವಿಧಿಯಲ್ಲಿಯೂ ರಾಜ್ಯಗಳ ಶಾಸಕರ ಮಟ್ಟಿಗೆ 191ನೆಯ ವಿಧಿಯಲ್ಲಿಯೂ ಹೇಳುತ್ತದೆ. ಸರ್ಕಾರವನ್ನು ಪ್ರಶ್ನಿಸಬೇಕಾದವರೇ ಸರ್ಕಾರ ಕೊಟ್ಟ ಹುದ್ದೆಯಲ್ಲಿ ಕುಳಿತರೆ ಅವರ ಎರಡು ಕರ್ತವ್ಯಗಳು ಪರಸ್ಪರ ವಿರುದ್ಧವಾಗಿ ಎಳೆಯತೊಡಗುತ್ತವೆ. ಹಿತಾಸಕ್ತಿ ಸಂಘರ್ಷವೆಂದು ಕರೆಯಲಾಗುವ ಈ ಸ್ಥಿತಿಯನ್ನು ತಡೆಯುವುದೇ ಆ ವಿಧಿಗಳ ಉದ್ದೇಶ. ಉದ್ದೇಶ ಇಷ್ಟು ಸ್ಪಷ್ಟವಾಗಿದ್ದರೂ ಲಾಭದಾಯಕ ಹುದ್ದೆ ಎಂದರೇನೆಂಬುದನ್ನು ಸಂವಿಧಾನ ವಿವರಿಸಲಿಲ್ಲ. ಯಾವ ಹುದ್ದೆಗಳಿಗೆ ವಿನಾಯಿತಿ ಕೊಡಬೇಕೆಂಬುದನ್ನು ಅದೇ ಶಾಸನಸಭೆಗಳ ವಿವೇಚನೆಗೆ ಬಿಟ್ಟಿತು. ಈ ಎರಡು ಸಂಗತಿಗಳು ಸೇರಿ ನಿಯಮವನ್ನು ಎಷ್ಟು ಸಡಿಲಗೊಳಿಸಿವೆಯೆಂದರೆ, ಇಂದು ಅದು ತಡೆಯಬೇಕಾದುದನ್ನು ತಡೆಯುವುದಕ್ಕಿಂತ ಕ್ರಮಬದ್ಧಗೊಳಿಸುವುದೇ ಹೆಚ್ಚು.

ನಿಯಮದ ಬೇರು ಇಂಗ್ಲೆಂಡಿನಲ್ಲಿದೆ. ರಾಜನು ಹುದ್ದೆ ಮತ್ತು ವೇತನಗಳನ್ನು ಹಂಚಿ ಕಾಮನ್ಸ್ ಸಭೆಯ ಸದಸ್ಯರನ್ನು ತನ್ನ ಕಡೆಗೆ ಸೆಳೆದುಕೊಳ್ಳುತ್ತಿದ್ದ ಕಾಲದಲ್ಲಿ, 1701ರ ಉತ್ತರಾಧಿಕಾರ ಕಾಯ್ದೆಯು ರಾಜನ ಕೈಕೆಳಗೆ ಹುದ್ದೆ ಪಡೆದವರು ಆ ಸಭೆಯಲ್ಲಿ ಕೂರಲಾಗದೆಂದು ವಿಧಿಸಿತು. ಸಚಿವರೇ ಸಭೆಯಿಂದ ಹೊರಗುಳಿಯಬೇಕಾಗುವ ತೊಡಕನ್ನು ಕಂಡು ಕೆಲವೇ ವರ್ಷಗಳಲ್ಲಿ ಆ ಕಟ್ಟನ್ನು ಸಡಿಲಿಸಲಾಯಿತು. ಅಲ್ಲಿಯ ಭಯ ಸದಸ್ಯರ ಜೇಬಿಗೆ ಎಷ್ಟು ಹಣ ಸೇರಿತೆಂಬುದಾಗಿರಲಿಲ್ಲ, ಅವರ ನಿಷ್ಠೆ ಯಾರ ಕಡೆಗೆ ವಾಲಿತೆಂಬುದಾಗಿತ್ತು. ಭಾರತದ ನ್ಯಾಯಾಲಯಗಳಿಗೆ ಈ ನಿಯಮ ಬಂದಾಗ ಚರ್ಚೆಯ ತೂಕ ನಿಷ್ಠೆಯಿಂದ ಹಣದ ಕಡೆಗೆ ಜರುಗಿತು.

ಈ ಜರುಗುವಿಕೆಯ ಆರಂಭದ ನಿದರ್ಶನಗಳಲ್ಲೊಂದು ಮೈಸೂರು ಸೀಮೆಯದೇ ಆಗಿದೆ. ರಾವಣ್ಣ ಸುಬ್ಬಣ್ಣ ಮತ್ತು ಕಗ್ಗೀರಪ್ಪ ಅವರ ನಡುವಿನ ಪುರಸಭಾ ಚುನಾವಣೆಯ ತಕರಾರು 1954ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾದಾಗ, ಗುಬ್ಬಿ ತಾಲ್ಲೂಕು ಅಭಿವೃದ್ಧಿ ಸಮಿತಿಯ ಅಧ್ಯಕ್ಷರು ಪ್ರತಿ ಸಭೆಗೆ ಪಡೆಯಬಹುದಾಗಿದ್ದ 6 ರೂಪಾಯಿ ಕೈಯಿಂದಾದ ಖರ್ಚಿನ ಭರ್ತಿಯೇ ಹೊರತು ಲಾಭವಲ್ಲವೆಂದು ನ್ಯಾಯಾಲಯ ಹೇಳಿತು. ಆ ಪ್ರಕರಣದ ಮಟ್ಟಿಗೆ ತೀರ್ಪು ನ್ಯಾಯವಾದುದೇ. ಬಂಡಿ ಬಾಡಿಗೆಗೂ ಸಾಲದ ಮೊತ್ತಕ್ಕಾಗಿ ಯಾರನ್ನೂ ಅನರ್ಹಗೊಳಿಸುವುದು ಸಲ್ಲದು. ಆದರೆ ಗೌರವಧನ ಎಲ್ಲಿ ಮುಗಿದು ಲಾಭ ಎಲ್ಲಿ ಮೊದಲಾಗುತ್ತದೆಂಬ ಪ್ರಶ್ನೆ ಅಂದಿನಿಂದ ಇಂಥ ವ್ಯಾಜ್ಯಗಳ ನಡುಮನೆಗೆ ಬಂದು ಕುಳಿತಿತು. ಶಿವಮೂರ್ತಿ ಸ್ವಾಮಿ ಇನಾಮದಾರ್ ಮತ್ತು ಅಗಡಿ ಸಂಗಣ್ಣ ಅವರ ನಡುವಿನ 1971ರ ಪ್ರಕರಣದಲ್ಲಿ ನ್ಯಾಯಾಲಯವು ನೇಮಿಸುವವರು ಯಾರು, ತೆಗೆದುಹಾಕುವ ಅಧಿಕಾರ ಯಾರದು, ಸಂಭಾವನೆ ಕೊಡುವವರು ಯಾರು, ಮಾಡುವ ಕೆಲಸ ಯಾರಿಗಾಗಿ, ಅದರ ಮೇಲೆ ನಿಯಂತ್ರಣ ಯಾರದು ಎಂಬ ಐದು ಪ್ರಶ್ನೆಗಳನ್ನು ಮುಂದಿಟ್ಟಿತು. ಈ ಐದರಲ್ಲಿ ನಾಲ್ಕು ನಿಷ್ಠೆಗೆ ಸಂಬಂಧಿಸಿದವು. ಹಾಗಿದ್ದೂ, ಜಾರ್ಖಂಡ್ ಪ್ರದೇಶದ ಸ್ವಾಯತ್ತ ಮಂಡಳಿಯ ಅಧ್ಯಕ್ಷರಾಗಿ ತಿಂಗಳಿಗೆ 1,750 ರೂಪಾಯಿ ಗೌರವಧನ ಪಡೆಯುತ್ತಿದ್ದ ಶಿಬು ಸೊರೇನ್ ಅವರ ರಾಜ್ಯಸಭಾ ಆಯ್ಕೆ 2001ರಲ್ಲಿ ಅಸಿಂಧುವಾದಾಗಲೂ ವಾದವೆಲ್ಲ ಆ ಮೊತ್ತದ ಸುತ್ತಲೇ ಸುತ್ತಿತು. ಉತ್ತರ ಪ್ರದೇಶದ ಚಲನಚಿತ್ರ ಅಭಿವೃದ್ಧಿ ಪರಿಷತ್ತಿನ ಅಧ್ಯಕ್ಷತೆಯಿಂದಾಗಿ 2006ರಲ್ಲಿ ರಾಜ್ಯಸಭಾ ಸ್ಥಾನ ಕಳೆದುಕೊಂಡ ಜಯಾ ಬಚ್ಚನ್ ಅವರ ಪ್ರಕರಣದಲ್ಲಿ, ಹಣ ಕೈಗೆ ಬಂದಿತೇ ಎಂಬುದು ಮುಖ್ಯವಲ್ಲ, ಹುದ್ದೆಯಿಂದ ಹಣ ಬರಲು ಅವಕಾಶವಿತ್ತೇ ಎಂಬುದೇ ಮುಖ್ಯವೆಂದು ಸುಪ್ರೀಂ ಕೋರ್ಟ್ ಹೇಳಿದ್ದು ಬಿಗಿಯಾದ ನಿಲುವು ನಿಜ. ಆದರೆ ಅಲ್ಲಿಯೂ ಅಳತೆಗೋಲು ಹಣವೇ.

ಆ ವರ್ಷ ಮುಂದೆ ನಡೆದದ್ದು ಈ ನಿಯಮದ ನಿಜವಾದ ದೌರ್ಬಲ್ಯವನ್ನು ತೋರಿಸಿತು. ರಾಷ್ಟ್ರೀಯ ಸಲಹಾ ಮಂಡಳಿಯ ಅಧ್ಯಕ್ಷರಾಗಿದ್ದ ಸೋನಿಯಾ ಗಾಂಧಿ ಮಾರ್ಚ್ ತಿಂಗಳಲ್ಲಿ ಲೋಕಸಭೆಗೆ ರಾಜೀನಾಮೆ ಕೊಟ್ಟು ಮರುಚುನಾವಣೆಗೆ ನಿಂತರು. ಆದರೆ ಅದೇ ತೊಡಕಿನಲ್ಲಿದ್ದ ವಿವಿಧ ಪಕ್ಷಗಳ ಹಲವು ಸಂಸದರಿಗೆ ಸಂಸತ್ತು ಸುಲಭದ ದಾರಿ ಹುಡುಕಿತು. 1959ರ ಅನರ್ಹತಾ ನಿವಾರಣಾ ಕಾಯ್ದೆಗೆ ತಿದ್ದುಪಡಿ ತಂದು ಐವತ್ತಕ್ಕೂ ಹೆಚ್ಚು ಹುದ್ದೆಗಳನ್ನು ವಿನಾಯಿತಿ ಪಟ್ಟಿಗೆ ಸೇರಿಸಲಾಯಿತು. ಅದೂ ಪೂರ್ವಾನ್ವಯವಾಗಿ, ಅಂದರೆ ಆ ವಿನಾಯಿತಿ ಹಿಂದಿನಿಂದಲೂ ಇತ್ತೆಂದು ಭಾವಿಸಿ. ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಮಸೂದೆಯನ್ನು ಹಿಂದಿರುಗಿಸಿ, ಎಲ್ಲ ರಾಜ್ಯಗಳಿಗೂ ಅನ್ವಯಿಸಬಹುದಾದ ನ್ಯಾಯಯುತ ಮಾನದಂಡವನ್ನು ರೂಪಿಸುವಂತೆಯೂ ಪೂರ್ವಾನ್ವಯದ ಔಚಿತ್ಯವನ್ನು ಪರಿಶೀಲಿಸುವಂತೆಯೂ ಕೇಳಿದರು. ಸಂಸತ್ತು ಅದನ್ನೇ ಮತ್ತೆ ಅಂಗೀಕರಿಸಿ ಕಳುಹಿಸಿದಾಗ ಸಂವಿಧಾನದ ಪ್ರಕಾರ ಅಂಕಿತ ಹಾಕದೆ ಅವರಿಗೆ ಬೇರೆ ದಾರಿಯಿರಲಿಲ್ಲ. 2009ರಲ್ಲಿ ಸುಪ್ರೀಂ ಕೋರ್ಟ್ ಕೂಡ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಕಾನೂನಿನ ದೃಷ್ಟಿಯಿಂದ ಅಲ್ಲಿ ದೋಷವಿಲ್ಲದಿರಬಹುದು. ಆದರೆ ಅನರ್ಹತೆಯ ಅಂಚಿನಲ್ಲಿದ್ದವರೇ ತಮ್ಮ ಅರ್ಹತೆಯ ಪರವಾಗಿ ಮತ ಹಾಕಿದ ಆ ಘಟನೆ ತಾನೇ ಹಿತಾಸಕ್ತಿ ಸಂಘರ್ಷದ ಶುದ್ಧ ಉದಾಹರಣೆ. ಬ್ರಿಟನ್ನಿನಲ್ಲಿ ಇಂದು ಜಾರಿಯಲ್ಲಿರುವ 1975ರ ಕಾಯ್ದೆ ಇದಕ್ಕೆ ತಿರುವುಮುರುವಾಗಿ, ಅನರ್ಹಗೊಳಿಸುವ ಹುದ್ದೆಗಳನ್ನೇ ಹೆಸರಿಸುತ್ತದೆ ಮತ್ತು ಕಾಮನ್ಸ್ ಸಭೆಯಲ್ಲಿ ಇರಬಹುದಾದ ಸಚಿವರ ಸಂಖ್ಯೆಗೆ 95ರ ಮಿತಿ ಹಾಕುತ್ತದೆ; ಪಟ್ಟಿ ಮೊದಲೇ ಎದುರಿಗಿರುವುದರಿಂದ ಸಿಕ್ಕಿಬಿದ್ದ ಮೇಲೆ ವಿನಾಯಿತಿ ಹುಡುಕುವ ಪ್ರಮೇಯ ಅಲ್ಲಿ ಕಡಿಮೆ.

ಕರ್ನಾಟಕದಲ್ಲಿ ಈ ರೂಢಿಗೆ ನಿಗಮ-ಮಂಡಳಿಗಳ ರೂಪ ಬಂದಿದೆ. 2003ರ 91ನೆಯ ತಿದ್ದುಪಡಿಯು ಸಚಿವ ಸಂಪುಟದ ಗಾತ್ರವನ್ನು ವಿಧಾನಸಭೆಯ ಶೇಕಡಾ 15ಕ್ಕೆ ಮಿತಿಗೊಳಿಸಿದ್ದರಿಂದ 224 ಸ್ಥಾನಗಳ ಈ ರಾಜ್ಯದಲ್ಲಿ ಮುಖ್ಯಮಂತ್ರಿಯೂ ಸೇರಿ 34 ಮಂದಿ ಮಾತ್ರ ಸಚಿವರಾಗುತ್ತಾರೆ. ಸಂಪುಟದಲ್ಲಿ ಜಾಗ ಸಿಗದವರ ಅಸಮಾಧಾನವನ್ನು ತಣಿಸಲು ಯಾವ ಪಕ್ಷ ಅಧಿಕಾರದಲ್ಲಿದ್ದರೂ ಅದರ ಕೈ ಮೊದಲು ಹೋಗುವುದು ನಿಗಮ-ಮಂಡಳಿಗಳ ಅಧ್ಯಕ್ಷ ಸ್ಥಾನಗಳತ್ತ. 2024ರ ಜನವರಿಯಲ್ಲಿ ಮೂವತ್ತಕ್ಕೂ ಹೆಚ್ಚು ಶಾಸಕರಿಗೆ ಹೀಗೆ ಹುದ್ದೆ ಹಂಚಲಾಯಿತು. 1956ರ ರಾಜ್ಯ ಕಾಯ್ದೆಯ ವಿನಾಯಿತಿಗಳು ಸದಸ್ಯತ್ವವನ್ನು ಕಾಯುತ್ತವೆ. ಸಂಪುಟ ದರ್ಜೆ ಎಂಬ ಸ್ಥಾನಮಾನ ಕಾರು, ಸಿಬ್ಬಂದಿ, ಭತ್ಯೆಗಳನ್ನು ತಂದುಕೊಡುತ್ತದೆ. ಸಂಸದೀಯ ಕಾರ್ಯದರ್ಶಿ ಎಂಬ ಇನ್ನೊಂದು ಒಳದಾರಿಗೆ, ಅಸ್ಸಾಮಿನ ಕಾಯ್ದೆಯನ್ನು 2017ರಲ್ಲಿ ರದ್ದುಪಡಿಸಿದ ಸುಪ್ರೀಂ ಕೋರ್ಟಿನ ತೀರ್ಪು ದೊಡ್ಡ ಅಡ್ಡಿಯಾಗಿ ನಿಂತಿದೆ. ನಿಗಮಗಳ ದಾರಿ ಮಾತ್ರ ತೆರೆದೇ ಇದೆ.

ಸಚಿವರೂ ಶಾಸಕರೇ ಆಗಿರುವಾಗ ನಿಗಮದ ಅಧ್ಯಕ್ಷರು ಶಾಸಕರಾಗಿದ್ದರೆ ತಪ್ಪೇನು ಎಂಬ ಆಕ್ಷೇಪಕ್ಕೆ ಉತ್ತರ ಕೊಡುವುದು ಅಗತ್ಯ. ಸಚಿವರು ಸದನದಲ್ಲಿ ಎದ್ದು ನಿಂತು ತಮ್ಮ ಇಲಾಖೆಯ ಬಗ್ಗೆ ಉತ್ತರಿಸಬೇಕು. ಸಂಪುಟ ಸಾಮೂಹಿಕವಾಗಿ ಹೊಣೆಗಾರ, ಸದನದ ವಿಶ್ವಾಸ ಹೋದರೆ ಅದು ಇಳಿಯಬೇಕು. ನಿಗಮದ ಅಧ್ಯಕ್ಷರಾದ ಶಾಸಕರು ಉತ್ತರಿಸುವವರ ಸಾಲಿನಲ್ಲಿಲ್ಲ, ಪ್ರಶ್ನಿಸುವವರ ಸಾಲಿನಲ್ಲಿ ಕುಳಿತಿರುತ್ತಾರೆ. ಅವರ ನಿಗಮದ ಬಗ್ಗೆ ಪ್ರಶ್ನೆ ಬಂದರೆ ಸಂಬಂಧಿಸಿದ ಸಚಿವರು ಉತ್ತರಿಸುತ್ತಾರೆ, ಅದಕ್ಕೆ ಅನುದಾನ ಕೊಡುವ ಆಯವ್ಯಯಕ್ಕೆ ಅವರೇ ಮತ ಹಾಕುತ್ತಾರೆ, ಲೆಕ್ಕಪರಿಶೋಧಕರು ಅದರ ಬಗ್ಗೆ ಬರೆದ ವರದಿಯನ್ನು ಪರಿಶೀಲಿಸಬೇಕಾದ ಸಾರ್ವಜನಿಕ ಉದ್ದಿಮೆಗಳ ಸಮಿತಿಯಲ್ಲಿ ಅವರ ಸಹೋದ್ಯೋಗಿಗಳೇ ಇರುತ್ತಾರೆ. ಮೇಲಾಗಿ ಸರ್ಕಾರ ಬಯಸಿದ ದಿನ ಅವರನ್ನು ಆ ಕುರ್ಚಿಯಿಂದ ಎಬ್ಬಿಸಬಹುದು; ಆ ಭಯವಿರುವವರಿಂದ ಸದನದಲ್ಲಿ ಗಟ್ಟಿ ದನಿಯನ್ನು ನಿರೀಕ್ಷಿಸುವುದು ಕಷ್ಟ. ಜನಪ್ರತಿನಿಧಿಗಳಿದ್ದರೆ ನಿಗಮಗಳಿಗೆ ಜನರ ಅಗತ್ಯಗಳ ಅರಿವು ಬರುತ್ತದೆಂಬ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಅರಿವು ತರಲು ಅಧ್ಯಕ್ಷ ಪದವಿಯಾಗಲಿ ಸಂಪುಟ ದರ್ಜೆಯಾಗಲಿ ಬೇಕಿಲ್ಲ.

ದೂರುಗಳನ್ನು ನಿರ್ಣಯಿಸುವ ಕ್ರಮದಲ್ಲಿ ದೋಷ ಕಡಿಮೆ. 192ನೆಯ ವಿಧಿಯಂತೆ ರಾಜ್ಯಪಾಲರು ಚುನಾವಣಾ ಆಯೋಗದ ಅಭಿಪ್ರಾಯ ಪಡೆದು ಅದರಂತೆಯೇ ನಡೆಯಬೇಕು. ಹಾಗಾಗಿ ತಿದ್ದಬೇಕಾದದ್ದು ವಿನಾಯಿತಿಯ ಅಧಿಕಾರವನ್ನೇ. ಪೂರ್ವಾನ್ವಯದ ವಿನಾಯಿತಿಯನ್ನು ಸಂವಿಧಾನದಲ್ಲಿಯೇ ನಿಷೇಧಿಸಬೇಕು. ಹೊಸ ವಿನಾಯಿತಿ ಮುಂದಿನ ಸದನದ ಅವಧಿಯಿಂದ ಮಾತ್ರ ಜಾರಿಗೆ ಬರಬೇಕು. ಸರ್ಕಾರ ತನ್ನಿಚ್ಛೆಯಂತೆ ನೇಮಿಸಿ ತೆಗೆದುಹಾಕಬಹುದಾದ ಯಾವ ಹುದ್ದೆಗೂ, ಅದರಲ್ಲಿ ಒಂದು ರೂಪಾಯಿ ಸಂಭಾವನೆ ಇಲ್ಲದಿದ್ದರೂ, ವಿನಾಯಿತಿ ಸಲ್ಲಬಾರದು. ಇಷ್ಟಾಗುವವರೆಗೆ 102 ಮತ್ತು 191ನೆಯ ವಿಧಿಗಳು ಪಟ್ಟಿಗೆ ಹೆಸರು ಸೇರಿಸಲು ಮರೆತವರನ್ನು ಮಾತ್ರ ಶಿಕ್ಷಿಸುತ್ತಿರುತ್ತವೆ.